ಚಂದ್ರಿಕೆ 24 ಚದರ ಅಡಿ. ಉದ್ದ ಎಷ್ಟು, ಅಗಲ ಎಷ್ಟು?

[ದೃಶ್ಯ: ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆ.]

ನಮಸ್ಕಾರ. ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ಇದೇನು ಅಂತ ಹೇಳಬೇಕಾಗಿಲ್ಲ. ರೇಷ್ಮೆ ಹುಳು ಹಣ್ಣಾದ ಮೇಲೆ, ಅಂದ್ರೆ ಗೂಡು ಕಟ್ಟೋಕೆ ತಯಾರಾದ ಮೇಲೆ, ಇದರ ಮೇಲೆ ಬಿಡ್ತಾರೆ. ಸುರುಳಿ ಸುತ್ತಿದ ಬಿದಿರಿನ ಪಟ್ಟಿಯ ಸಂದಿಯಲ್ಲಿ ಕೂತು ಅದು ಗೂಡು ಕಟ್ಟುತ್ತದೆ. ಬೇರೆ ಊರಿನವರು ಒಂದು ದೊಡ್ಡ ಚಾಪೆ ಅಂದುಕೊಳ್ಳಿ, ಸಾಕು.

ಇದರ ವಿಸ್ತೀರ್ಣ 24 ಚದರ ಅಡಿ. ಉದ್ದ, ಅಗಲಕ್ಕಿಂತ 2 ಅಡಿ ಜಾಸ್ತಿ. ಟೇಪು ಹಿಡಿಯದೆ ಅಳತೆ ಹೇಳಬೇಕು.

ಪುಸ್ತಕದಲ್ಲಿ ಎಕ್ಸ್ ಅಂತ ಬರೀತಾರೆ. ನಾವು ಅಗಲಕ್ಕೆ 'ಅ' ಅಂತಲೇ ಇಟ್ಟುಕೊಳ್ಳೋಣ. ಆಗ ಉದ್ದ ಅ + 2.

[ಬೋರ್ಡ್: ಅ(ಅ + 2) = 24]

ಇಲ್ಲೇ ಬಹಳ ಜನ ಎಡವೋದು. ಅ = 24, ಇಲ್ಲಾ ಅ + 2 = 24 ಅಂತ ಬರೆದುಬಿಡ್ತಾರೆ. ಹಾಗೆ ಬರೆಯೋಕೆ ಆಗಲ್ಲ. 24 ಅನ್ನೋದು 3 × 8 ಕೂಡ ಹೌದು, 2 × 12 ಕೂಡ ಹೌದು. ಯಾವ ಜೋಡಿ ಅಂತ ಅದು ಬಾಯಿ ಬಿಡಲ್ಲ. ಸೊನ್ನೆ ಹಾಗಲ್ಲ. ಗುಣಿಸಿ ಸೊನ್ನೆ ಬಂತು ಅಂದ್ರೆ ಎರಡರಲ್ಲಿ ಒಂದಾದರೂ ಸೊನ್ನೆ ಇರಲೇಬೇಕು. ಅದಕ್ಕೇ 24ನ್ನು ಈ ಕಡೆ ತರೋದು.

[ಬೋರ್ಡ್: ಅ² + 2ಅ − 24 = 0]

ಈಗ ಅಪವರ್ತನ. ಗುಣಿಸಿದರೆ −24, ಕೂಡಿದರೆ +2 ಬರುವ ಜೋಡಿ ಬೇಕು. 6 ಮತ್ತು −4. ನಡುವಿನ ಪದ ಒಡೆಯೋಣ.

[ಬೋರ್ಡ್:
ಅ² + 6ಅ − 4ಅ − 24 = 0
ಅ(ಅ + 6) − 4(ಅ + 6) = 0
(ಅ + 6)(ಅ − 4) = 0]

ಅ = −6 ಅಥವಾ 4. ಮೈನಸ್ ಆರು ಅಡಿ ಅಗಲದ ಚಂದ್ರಿಕೆಯನ್ನು ಯಾರೂ ಹೆಣೆಯಲ್ಲ, ಅಲ್ವಾ? ಅಗಲ 4, ಉದ್ದ 6.

[ದೃಶ್ಯ: ಟೇಪು ಹಿಡಿದು ತೋರಿಸುವುದು.]

ಹತ್ತನೇ ಕ್ಲಾಸಲ್ಲಿ ನಾನು 'ಮೈನಸ್ ಬಂದರೆ ಬಿಡು' ಅಂತ ಬಾಯಿಪಾಠ ಮಾಡಿದ್ದೆ. ಆಮೇಲೆ ಇಂಥದೊಂದು ಲೆಕ್ಕ ಬಂದು ತಲೆಕೆಳಗಾಯಿತು:

40 ಅಡಿಗೆ 30 ಅಡಿ ಸೈಟು. ಸುತ್ತ ಒಂದೇ ಸಮ ಓಡಾಡೋಕೆ ಜಾಗ ಬಿಟ್ಟು ನಡುವೆ ಹುಳು ಮನೆ ಕಟ್ಟಬೇಕು. ಮನೆಗೆ 936 ಚದರ ಅಡಿ ಬೇಕು. ದಾರಿ ಎಷ್ಟು ಅಗಲ?

ದಾರಿಗೆ 'ದ'. ಎರಡೂ ಕಡೆ ಬಿಡ್ತೀವಲ್ಲ, ಹಾಗಾಗಿ ಕಳೆಯೋದು 2ದ. ಒಂದೇ ದ ಕಳೆದರೆ ಇಡೀ ಲೆಕ್ಕ ಹಾಳು.

[ಬೋರ್ಡ್:
(40 − 2ದ)(30 − 2ದ) = 936
4ದ² − 140ದ + 264 = 0
ದ² − 35ದ + 66 = 0
(ದ − 2)(ದ − 33) = 0]

ದ = 2 ಅಥವಾ 33. ಎರಡೂ ಪ್ಲಸ್ಸೇ! ಈಗ ಯಾವುದನ್ನು ಬಿಡ್ತೀರಾ?

ಸೈಟನ್ನು ನೋಡಿ. ಅಗಲವೇ 30 ಅಡಿ, ಅದರಲ್ಲಿ ಎರಡು ಕಡೆಯೂ 33 ಅಡಿ ದಾರಿ ಎಲ್ಲಿಂದ ಬರುತ್ತೆ? ಹಾಗಾದ್ರೆ 33 ಯಾಕೆ ಬಂತು? ಹಾಕಿ ನೋಡಿ. 40 − 66 ಅಂದ್ರೆ −26. 30 − 66 ಅಂದ್ರೆ −36. ಮೈನಸ್ಸಿಗೆ ಮೈನಸ್ಸು ಗುಣಿಸಿದರೆ ಸರಿಯಾಗಿ 936! ಸಮೀಕರಣಕ್ಕೆ ನಿಮ್ಮ ಸೈಟು, ಹುಳು ಮನೆ ಒಂದೂ ಗೊತ್ತಿಲ್ಲ. ಗುಣಲಬ್ಧ ಸರಿಯಾದರೆ ಅದಕ್ಕೆ ಆಯಿತು. ದಾರಿ 2 ಅಡಿ, ಮನೆ 36ಕ್ಕೆ 26.

ಒಂದು ಲೆಕ್ಕ ನಿಮಗೆ ಬಿಡ್ತೀನಿ. ಒಂದು ಗುಂಟೆ ಅಂದ್ರೆ 1089 ಚದರ ಅಡಿ. ರಸ್ತೆ ಪಕ್ಕ ಉದ್ದಕ್ಕೆ ಚಾಚಿರುವ ಒಂದು ಗುಂಟೆ ಜಾಗ, ಉದ್ದ ಅಗಲಕ್ಕಿಂತ 88 ಅಡಿ ಜಾಸ್ತಿ. ಅಗಲ ಎಷ್ಟು? ಸುಳಿವು ಬೇಕಾದರೆ 1089ನ್ನು 11ರಿಂದ ಭಾಗಿಸಿ ನೋಡಿ.