ಡಯಾಲಿಸಿಸ್ ಫ್ರೀ, ಸರಿ. ಸುಸ್ತಿನ ಲೆಕ್ಕ ಎಲ್ಲಿ?

ನಮಸ್ಕಾರ. ಎರಡೂ ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್, ಅಂದ್ರೆ ಯಂತ್ರದಿಂದ ರಕ್ತ ಶುದ್ಧ ಮಾಡಿಸೋದು, ಬೇಕೇ ಬೇಕು. ಒಂದು ಸಲಕ್ಕೆ ಸುಮಾರು 4 ಗಂಟೆ, ವಾರಕ್ಕೆ ಎರಡೋ ಮೂರೋ ಸಲ, ಬೇರೆ ಕಿಡ್ನಿ ಸಿಗದಿದ್ದರೆ ಇದು ಜೀವನಪೂರ್ತಿ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಬಂತು. ಬಡವರಿಗೆ ಜಿಲ್ಲಾಸ್ಪತ್ರೆಯಲ್ಲಿ ಉಚಿತ. ಇದು ತುಂಬಾ ದೊಡ್ಡ ಕೆಲಸ.

ಆದರೆ ಖರ್ಚು ಅಲ್ಲಿಗೆ ಮುಗಿಯಲ್ಲ. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬರೋರ ಜೊತೆ ಇನ್ನೊಬ್ಬರು ಬರಲೇಬೇಕು, ಅಲ್ವಾ? ಇಬ್ಬರ ಬಸ್ ಚಾರ್ಜು, ಹೋಟೆಲ್ ಊಟ, ಹೊರಗೆ ಕೊಳ್ಳಬೇಕಾದ ಮಾತ್ರೆ, ಅದರ ಮೇಲೆ ಇಬ್ಬರ ಆ ದಿನದ ಕೂಲಿಯೂ ಹೋಯಿತು. ಸರ್ಕಾರದ ಖರ್ಚನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ಇದ್ಯಾವುದೂ ಕಾಣೋದೇ ಇಲ್ಲ.

ಇನ್ನು ಲಾಭದ ಲೆಕ್ಕ. ರೋಗಿ ಎಷ್ಟು ವರ್ಷ ಬದುಕಿದರು ಅನ್ನೋದಷ್ಟೇ ಸಾಲದು, ಹೇಗೆ ಬದುಕಿದರು ಅನ್ನೋದೂ ಗೊತ್ತಾಗಬೇಕು. ಅದಕ್ಕೆ ಆರೋಗ್ಯ ಅರ್ಥಶಾಸ್ತ್ರದವರು, ಅಂದ್ರೆ ಚಿಕಿತ್ಸೆಯ ಖರ್ಚು-ಲಾಭ ತೂಗಿ ನೋಡೋರು, ಹೆಚ್ಚಾಗಿ ಬಳಸೋದು ಇಕ್ಯೂ-5ಡಿ ಅನ್ನೋ ಪ್ರಶ್ನಾವಳಿ.

(ಪರದೆಯಲ್ಲಿ ಐದು ಪ್ರಶ್ನೆ ಒಂದೊಂದಾಗಿ)

ಓಡಾಡೋಕೆ ಆಗುತ್ತಾ? ಸ್ನಾನ, ಬಟ್ಟೆ ನೀವೇ ಮಾಡ್ಕೋತೀರಾ? ದಿನದ ಕೆಲಸ ಆಗುತ್ತಾ? ನೋವಿದೆಯಾ? ಚಿಂತೆ, ಬೇಸರ?

ಸುಸ್ತಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ! ಡಯಾಲಿಸಿಸ್ ಮುಗಿಸಿ ಮನೆಗೆ ಬಂದು, ತಟ್ಟೆಗೆ ಬಡಿಸಿದ್ದನ್ನೂ ಉಣ್ಣದೆ ಸಂಜೆವರೆಗೂ ಮಲಗೇ ಇರೋರನ್ನು ನೋಡಿದವರಿಗೆ ಇದು ಎಂಥ ಕೊರತೆ ಅಂತ ಗೊತ್ತು.

ಸಾಂಗ್ ಅನ್ನೋ ಅಂತರರಾಷ್ಟ್ರೀಯ ಸಂಶೋಧಕರ ತಂಡ, ಡಯಾಲಿಸಿಸ್‌ನಲ್ಲಿ ಯಾವುದನ್ನು ಅಳೆಯೋದು ಮುಖ್ಯ ಅಂತ ರೋಗಿಗಳನ್ನೇ ಕೇಳಿತು. 70ಕ್ಕೂ ಹೆಚ್ಚು ದೇಶಗಳಿಂದ ರೋಗಿಗಳು, ಮನೆಯವರು, ಡಾಕ್ಟರು, ನರ್ಸುಗಳು ಸೇರಿ ಸಾವಿರಕ್ಕೂ ಜಾಸ್ತಿ ಜನ ಉತ್ತರ ಕೊಟ್ಟರು. ಸಾವಿನ ಅಪಾಯಕ್ಕೆ ಡಾಕ್ಟರುಗಳು ಕೊಟ್ಟಷ್ಟು ತೂಕವನ್ನು ರೋಗಿಗಳು ಕೊಡಲಿಲ್ಲ. ಊರಿಗೆ ಹೋಗಿಬರೋಕೆ ಆಗುತ್ತಾ, ಡಯಾಲಿಸಿಸ್ ಇಲ್ಲದ ಹೊತ್ತು ಎಷ್ಟು ಸಿಗುತ್ತೆ, ಇವು ಅವರಿಗೆ ಮುಖ್ಯವಾಗಿದ್ದವು. ಕೊನೆಗೆ ಹೀಮೋಡಯಾಲಿಸಿಸ್‌ನ (ಇದೇ ಯಂತ್ರದ ಡಯಾಲಿಸಿಸ್‌ನ) ಎಲ್ಲ ಚಿಕಿತ್ಸಾ ಪ್ರಯೋಗಗಳೂ ಅಳೆಯಬೇಕು ಅಂತ ಆರಿಸಿದ ನಾಲ್ಕು ವಿಷಯಗಳಲ್ಲಿ ಸುಸ್ತೂ ಸೇರಿತು. ಉಳಿದ ಮೂರು: ಹೃದಯ ರೋಗ, ಸೂಜಿ ಚುಚ್ಚೋ ರಕ್ತನಾಳದ ತೊಂದರೆ, ಸಾವು. ಸುಸ್ತು ಅಳೆಯೋಕೆ ಅವರು ಮಾಡಿದ್ದು ಮೂರೇ ಪ್ರಶ್ನೆ. ಅಷ್ಟನ್ನು ನಮ್ಮ ಎಲ್ಲ ಡಯಾಲಿಸಿಸ್ ಕೇಂದ್ರಗಳಲ್ಲೂ ಕನ್ನಡದಲ್ಲೇ ಕೇಳಿ ಬರೆದಿಡಬೇಕು ಅನ್ನೋದು ನನ್ನ ಒತ್ತಾಯ.

ನಿಮ್ಮ ಮನೆಯಲ್ಲಿ ಯಾರಾದರೂ ಡಯಾಲಿಸಿಸ್‌ಗೆ ಹೋಗ್ತಿದ್ರೆ, ಬಂದ ಮೇಲೆ ಎಷ್ಟು ಹೊತ್ತು ಮಲಗ್ತಾರೆ ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ರಕ್ತ ಕಡಿಮೆ ಇರೋದು, ಡಯಾಲಿಸಿಸ್ ಹೊತ್ತಲ್ಲಿ ಮೈಯಲ್ಲಿನ ನೀರನ್ನು ತುಂಬಾ ಬೇಗ ತೆಗೆಯೋದು, ಎರಡೂ ಸುಸ್ತಿಗೆ ಕಾರಣ ಆಗಬಹುದು, ಎರಡಕ್ಕೂ ದಾರಿ ಇದೆ.