ಸಂಬಳ ಬೇಡವೆಂದ ನಾಯಕ

ಕೇಳುಗರಿಗೆಲ್ಲ ನಮಸ್ಕಾರ.

ಹವ್ಯಾಸಿ ಆಟಗಾರ ಅಂದರೆ ಸುಮ್ನೆ ಹೊತ್ತು ಕಳೆಯಲು ಆಡುವವನು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಈ ಮಾತು ಕೇಳಿದರೆ ನನಗೆ ತಡೆಯುವುದಿಲ್ಲ. ಅವರೆಲ್ಲ ಇಂಗ್ಲೆಂಡಿನ ಹವ್ಯಾಸಿ ಫುಟ್‌ಬಾಲ್ ಆಟಗಾರ ವಿವಿಯನ್ ವುಡ್‌ವರ್ಡ್ ಕಥೆ ಕೇಳಬೇಕು.

ವುಡ್‌ವರ್ಡ್ ಹುಟ್ಟಿದ್ದು 1879ರಲ್ಲಿ, ಲಂಡನ್ನಿನಲ್ಲಿ. ಹೊಟ್ಟೆಪಾಡಿಗೆ ಆರ್ಕಿಟೆಕ್ಟ್ ಕೆಲಸ. ಆಡುತ್ತಿದ್ದುದು ಟಾಟನ್‌ಹ್ಯಾಮ್ ತಂಡಕ್ಕೆ, 1909ರಿಂದ ಚೆಲ್ಸಿಗೆ. ಜೊತೆಗಾರರು ಸಂಬಳದ ಆಟಗಾರರು. ಇವರು ಮಾತ್ರ ಆಟಕ್ಕೆ ಸಂಬಳ ಮುಟ್ಟಲಿಲ್ಲ. ಹಾಗಂತ ಆಟದಲ್ಲಿ ಯಾರಿಗೆ ಕಡಿಮೆ? ವೃತ್ತಿಪರರೂ ಇದ್ದ ಇಂಗ್ಲೆಂಡ್ ತಂಡದ ಪರ 23 ಪಂದ್ಯ, 29 ಗೋಲು! ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲಿನ ಆ ದಾಖಲೆ ನಲವತ್ತಕ್ಕೂ ಹೆಚ್ಚು ವರ್ಷ ಉಳಿಯಿತು. ಸಂಬಳ ಇಲ್ಲದೆ, ನೆನಪಿಡಿ.

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದ ನಾಯಕ ಇವರೇ. ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ 2-0 ಗೆಲುವು, ಎರಡನೇ ಗೋಲು ನಾಯಕನದ್ದು. ನಾಲ್ಕು ವರ್ಷದ ಮೇಲೆ ಸ್ಟಾಕ್‌ಹೋಮ್‌ನಲ್ಲೂ ಅದೇ ನಾಯಕ, ಎದುರಿಗೆ ಅದೇ ಡೆನ್ಮಾರ್ಕ್, ಮತ್ತೆ ಚಿನ್ನ.

ಆದರೆ ನನಗೆ ಪದಕಗಳಿಗಿಂತ ಇಷ್ಟವಾದದ್ದು 1915ರ ಒಂದು ಸಂಗತಿ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮಹಾಯುದ್ಧ ಶುರುವಾಗಿತ್ತು. ವುಡ್‌ವರ್ಡ್ ಸೈನ್ಯ ಸೇರಿದ್ದರು. ಅತ್ತ ಚೆಲ್ಸಿ ತಂಡ ಇಂಗ್ಲೆಂಡಿನ ಕ್ಲಬ್ ತಂಡಗಳ ದೊಡ್ಡ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಫೈನಲ್ ಮೊದಲ ಸಲ ತಲುಪಿತ್ತು. ಇಂಗ್ಲೆಂಡಿನ ಆಟಗಾರನಿಗೆ ಎಫ್‌ಎ ಕಪ್ ಫೈನಲ್ ಅಂದರೆ ಜೀವಮಾನದ ಕನಸು. ವುಡ್‌ವರ್ಡ್‌ಗೆ ಆಗ 35 ವರ್ಷ. ಮತ್ತೆ ಅಂಥ ಅವಕಾಶ ಎಲ್ಲಿಂದ ಬರಬೇಕು? ತಂಡದ ಮುಂಪಡೆಯ ಬಾಬ್ ಥಾಮ್ಸನ್ ಮೊಣಕೈಗೆ ಪೆಟ್ಟಾಗಿತ್ತು. ಆ ಜಾಗಕ್ಕೆ ಬೇಕಾಗಬಹುದು ಎಂದು ವುಡ್‌ವರ್ಡ್‌ಗೆ ಸೈನ್ಯದಿಂದ ರಜೆಯೂ ಸಿಕ್ಕಿತು. ಅವರು ಬಂದರು. ಅಷ್ಟರಲ್ಲಿ ಥಾಮ್ಸನ್ ಆಡುವಷ್ಟು ಚೇತರಿಸಿಕೊಂಡಿದ್ದರು.

ವುಡ್‌ವರ್ಡ್ ಹಟ ಹಿಡಿದಿದ್ದರೆ ಅವರಿಗೆ ಬೇಡ ಅನ್ನುವವರು ಯಾರು? ಎರಡು ಒಲಿಂಪಿಕ್ ಚಿನ್ನದ ನಾಯಕ! ಅವರೇ ಬೇಡ ಅಂದರು. ತಂಡವನ್ನು ಫೈನಲ್‌ವರೆಗೆ ತಂದವರಲ್ಲಿ ಥಾಮ್ಸನ್ ಒಬ್ಬರು, ಅವರ ಜಾಗ ನಾನು ಕಿತ್ತುಕೊಳ್ಳುವುದಿಲ್ಲ ಎಂಬುದು ಅವರ ನಿಲುವು. ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಪಂದ್ಯ. ನೋಡಲು ಬಂದವರಲ್ಲಿ ಸಮವಸ್ತ್ರದ ಸೈನಿಕರೇ ಎಷ್ಟೋ ಜನ, ಅದಕ್ಕೇ ಅದಕ್ಕೆ ಖಾಕಿ ಫೈನಲ್ ಅಂತ ಹೆಸರು ಬಿತ್ತು. ಥಾಮ್ಸನ್ ಆಡಿದರು. ಚೆಲ್ಸಿ ಶೆಫೀಲ್ಡ್ ಯುನೈಟೆಡ್ ಎದುರು 3-0ಯಿಂದ ಸೋತಿತು. ವುಡ್‌ವರ್ಡ್‌ಗೆ ಎಫ್‌ಎ ಕಪ್ ಫೈನಲ್ ಆಡುವ ಯೋಗ ಕೊನೆಗೂ ಬರಲಿಲ್ಲ. ಆಟದಿಂದ ಏನು ಸಿಗುತ್ತದೆ ಅಂತ ಲೆಕ್ಕ ಹಾಕದವರು ಹೀಗಿರುತ್ತಾರೆ, ಅಲ್ವಾ?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅವರು ಫುಟ್‌ಬಾಲ್ ಬೆಟಾಲಿಯನ್‌ನಲ್ಲಿದ್ದರು, ಅಂದರೆ ಫುಟ್‌ಬಾಲ್ ಆಟಗಾರರಿಗೆಂದೇ ಕಟ್ಟಿದ್ದ ಸೇನಾ ದಳದಲ್ಲಿ. 1916ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗ್ರೆನೇಡ್ ಸಿಡಿದು ತೊಡೆಗೆ ಗಾಯವಾಯಿತು. ದೊಡ್ಡ ಮಟ್ಟದ ಆಟ ಅಲ್ಲಿಗೆ ನಿಂತಿತು. ಆಮೇಲೆ ಎಸೆಕ್ಸ್‌ನಲ್ಲಿ ಹೈನುಗಾರಿಕೆ ಮಾಡಿದರು, ಕೆಲವು ವರ್ಷ ಚೆಲ್ಸಿಯ ನಿರ್ದೇಶಕರೂ ಆಗಿದ್ದರು. 1954ರಲ್ಲಿ ತೀರಿಕೊಂಡರು.

ಮಕ್ಕಳೇ, ನಿಮ್ಮ ಶಾಲೆಯ ಕ್ರೀಡಾ ಶಿಕ್ಷಕರಿಗೆ ಈ ಹೆಸರು ಹೇಳಿ: ವಿವಿಯನ್ ವುಡ್‌ವರ್ಡ್. ನಮಸ್ಕಾರ.