ಪಸೇನದಿ ರಾಜನ ಊಟ

ಕೇಳುಗರಿಗೆಲ್ಲ ನಮಸ್ಕಾರ.

ಬುದ್ಧ ಅಂದ ಕೂಡಲೇ ಕಣ್ಣು ಮುಚ್ಚಿ ಕೂತ ಮೂರ್ತಿಯೇ ನೆನಪಿಗೆ ಬರುತ್ತದೆ. ಧ್ಯಾನವೆಂದರೆ ಪುರುಸೊತ್ತು ಇರುವವರ ಕೆಲಸ ಅಂತ ನಮ್ಮ ಹಾಸನ ಸೀಮೆಯಲ್ಲಿ ಎಷ್ಟೋ ಜನ ಅದನ್ನು ದೂರವೇ ಇಟ್ಟಿದ್ದಾರೆ. ಡೈರಿಗೆ ಹಾಲು ಹಾಕಿ, ಮಕ್ಕಳನ್ನು ಬಸ್ಸು ಹತ್ತಿಸಿ, ತೋಟಕ್ಕೆ ಓಡುವವರಿಗೆ ಅದೆಲ್ಲಿ ಆದೀತು? ಆದರೆ ಪಾಲಿ ಸುತ್ತಗಳಲ್ಲಿ, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳಲ್ಲಿ, ಸಿಗುವ ಬುದ್ಧ ಊಟದ ಬಗ್ಗೆ, ನಿದ್ದೆಯ ಬಗ್ಗೆ, ಮೈಕೈ ನೋವಿನ ಬಗ್ಗೆ ಬಾಯ್ತುಂಬ ಮಾತಾಡುತ್ತಾನೆ.

ಆ ಸುತ್ತಗಳ ಒಂದು ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಪ್ರಸಂಗವೊಂದಿದೆ. ರಾಜನಿಗೆ ದ್ರೋಣವೆಂಬ ದೊಡ್ಡ ಅಳತೆಯ ಲೆಕ್ಕದಲ್ಲಿ ಅನ್ನ ಉಣ್ಣುವ ಅಭ್ಯಾಸ. ಒಂದು ದಿನ ಹೊಟ್ಟೆ ಬಿರಿಯ ಉಂಡು, ಏದುಸಿರು ಬಿಡುತ್ತಾ ಬುದ್ಧನ ಮುಂದೆ ಬಂದು ಕೂತ. ಬುದ್ಧ ಬೈಯಲಿಲ್ಲ, ಉಪವಾಸ ಮಾಡು ಅನ್ನಲೂ ಇಲ್ಲ. ಎಚ್ಚರವಾಗಿದ್ದು ಊಟದ ಅಳತೆ ಬಲ್ಲವನಿಗೆ ನೋವು ಕಡಿಮೆ, ಮುಪ್ಪು ನಿಧಾನ, ಆಯುಸ್ಸು ಭದ್ರ ಅನ್ನುವ ಅರ್ಥದ ಒಂದು ಗಾಥೆ ಹೇಳಿದ, ಅಷ್ಟೆ. ರಾಜನ ಹಿಂದೆ ಸುದಸ್ಸನ ಅನ್ನುವ ಹುಡುಗ ನಿಂತಿದ್ದ. ರಾಜ ಅವನ ಕಡೆ ತಿರುಗಿ, ಇದನ್ನು ಬಾಯಿಪಾಠ ಮಾಡು, ನಾನು ಊಟಕ್ಕೆ ಕೂತಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ನಾಣ್ಯ ಕೊಡುತ್ತೇನೆ ಅಂದ. ಕ್ರಮೇಣ ರಾಜನ ಊಟ ನಾಳಿಯೆಂಬ ಸಣ್ಣ ಅಳತೆಯ ಒಂದು ಪಾಲು ಅನ್ನಕ್ಕೆ ಇಳಿಯಿತು, ಮೈ ಹಗುರವಾಯಿತು.

ನನಗೆ ಇಲ್ಲಿ ಹಿಡಿಸುವುದು ರಾಜನ ಜಾಣತನ. ಎಲೆಯ ಮುಂದೆ ಕೂತಾಗ ತನ್ನ ಬುದ್ಧಿ ತನ್ನ ಕೈಲಿರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಹೆಂಡತಿ 'ಸಾಕು ಕಣ್ರೀ, ಶುಗರ್ ಇದೆ' ಅಂದರೆ ಮೂಗಿನ ತುದಿಯಲ್ಲೇ ಕೋಪ. ರಾಜ ಅದೇ ಮಾತನ್ನು ದುಡ್ಡು ಕೊಟ್ಟು ಹೇಳಿಸಿಕೊಂಡ! ಬೀಗರೂಟಕ್ಕೆ ಹೋದಾಗ ಎರಡನೇ ಸಲ ಬಡಿಸಲು ಬಂದವರನ್ನು ಒಂದು ಕ್ಷಣ ತಡೆದು, ಕೈ ಎಲೆಯ ಮೇಲಿಟ್ಟು, ಎರಡು ಉಸಿರು ಗಮನಿಸಿ ನೋಡಿ. ಕೇಳುತ್ತಿರುವುದು ಹೊಟ್ಟೆಯೋ ನಾಲಿಗೆಯೋ ತಿಳಿಯುತ್ತದೆ. ನಾಲಿಗೆಯೇ ಅಂತ ತಿಳಿದ ಮೇಲೂ ಒಂದೊಂದು ದಿನ ಹಾಕಿಸಿಕೊಳ್ಳುತ್ತೇವೆ, ಅದಿರಲಿ.

ಇನ್ನು ಮನಸ್ಸಿನ ಮಾತು. ಸಕಲೇಶಪುರದ ಕಡೆ ರೋಬಸ್ಟಾ ಕಾಫಿ ಬೆಳೆಯುವವರಿಗೆ ಫೆಬ್ರವರಿ, ಮಾರ್ಚ್ ಬಂತೆಂದರೆ ಕಾಫಿ ಮೊಗ್ಗು ಅರಳಿಸುವ ಹೂಮಳೆಯದೇ ಚಿಂತೆ. ಮೊಗ್ಗು ಕೂತಿದೆ, ಮೋಡ ಕಟ್ಟಿ ಹಾಗೇ ಹೋಗುತ್ತದೆ. ಪಕ್ಕದ ತೋಟಕ್ಕೆ ಒಂದಿಂಚು ಬಿತ್ತಂತೆ ಅನ್ನುವ ಸುದ್ದಿ ಬೇರೆ. ಆ ರಾತ್ರಿ ಮಗ ಲೋಟ ಬೀಳಿಸಿದರೆ ಅವನಿಗೆ ಏಟು, ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಫೋನಿನಲ್ಲೇ ಬೈಗುಳ, ಮಲಗಿದರೆ ಬ್ಯಾಂಕಿನ ಸಾಲ. ಬುದ್ಧ ಇದನ್ನು ಎರಡು ಬಾಣ ಅಂದ. ಮೊದಲನೆಯದು ಬಂದು ನೆಟ್ಟ ನೋವು. ಎರಡನೆಯದು ಅದರ ಹಿಂದೆಯೇ ನಾವು ಗೋಳಾಡುತ್ತಾ ಎದೆ ಬಡಿದುಕೊಂಡು ಚುಚ್ಚಿಕೊಳ್ಳುವುದು. ಮಳೆ ಬಾರದ್ದು ಸುಳ್ಳಲ್ಲ, ನಷ್ಟವೂ ಸುಳ್ಳಲ್ಲ. ಆದರೆ ಸಿಟ್ಟು ಏರುವಾಗ ದವಡೆ ಬಿಗಿಯುತ್ತದೆ, ಎದೆಯ ಮೇಲೆ ಭಾರ ಕೂರುತ್ತದೆ. ಅದನ್ನು ಅಲ್ಲೇ, ಮೈಯಲ್ಲೇ ನೋಡುತ್ತಾ ನಾಲ್ಕು ಉಸಿರು ಕಳೆದರೆ ಮಗನಿಗೆ ಬೀಳುವ ಏಟು ತಪ್ಪಬಹುದು. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಯಾರಲ್ಲಿದೆ ಅಂತ ವಿಚಾರಿಸುವುದಕ್ಕೂ ತಲೆ ಬೇಕಲ್ಲ.

ಧ್ಯಾನಕ್ಕೆ ಕೂತರೆ ತೂಕಡಿಕೆ ಬರುತ್ತದೆ ಅನ್ನುವವರು ಮೊಗ್ಗಲ್ಲಾನನ ಕಥೆ ಕೇಳಿ. ಬುದ್ಧನ ಪಟ್ಟಶಿಷ್ಯನೇ ತೂಕಡಿಸುತ್ತಿದ್ದ. ಕಿವಿ ಎಳೆದುಕೋ, ಕೈಕಾಲು ತಿಕ್ಕಿಕೋ, ಕಣ್ಣಿಗೆ ನೀರು ಹಾಕಿ ನಕ್ಷತ್ರ ನೋಡು, ಎದ್ದು ಓಡಾಡು ಅಂತೆಲ್ಲ ಹೇಳಿದ ಬುದ್ಧ, ಯಾವುದಕ್ಕೂ ಬಗ್ಗದಿದ್ದರೆ ಬಲಮಗ್ಗುಲಾಗಿ ಮಲಗಿಬಿಡು ಅಂದ.

ಧ್ಯಾನ ಹಿಡಿದ ಮೇಲೆ ಬಿ.ಪಿ. ಮಾತ್ರೆ ಬಿಟ್ಟೆ ಅಂತ ಹೆಮ್ಮೆಪಡುವವರನ್ನು ಕಂಡರೆ ನನಗೆ ಭಯ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯದಲ್ಲಿ ಔಷಧಿಗಳಿಗೇ ಒಂದು ಅಧ್ಯಾಯ ಮೀಸಲು. ಬೇಧಿಯಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ, ಶಿಷ್ಯ ಆನಂದನ ಜೊತೆ ಸೇರಿ, ತಾನೇ ತೊಳೆದು ಮಂಚದ ಮೇಲೆ ಮಲಗಿಸಿದ. ಉಸಿರು ನೋಡಿಕೋ ಅಂತ ಹೇಳಿ ಹೋಗಲಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ.

ನಮಸ್ಕಾರ.